ಗಾಳಿ ಬಿದ್ದಾಗ

ಇಂಜಿನ್ ಕಾದಿಲ್ಲರೀ ಸುಗಲಾಬಾಯಿ,
ಮುಳ್ಳು ನೋಡ್ರಿ, ಇನ್ನೂ ನಡುವಿಗೂ ಬಂದಿಲ್ಲ.
ಆದರೂ ಎಸಿ ಗುಂಡಿ ಒತ್ತಿದ ಕೂಡಲೇ
ಬಾನೆಟ್ಟಿನೊಳಗ ಫ್ಯಾನು ಭರ್ ಅಂತದ,
ನಿಮ್ಮ ಎದಿ ಧಸಕ್ ಅಂತದ.
ಸೊಲ್ಲಾಪುರದಾಂವ ಸೆನ್ಸರ್ ಹೋಗೇದಂದ, ಎರಡು ಸಾವಿರ ಕೇಳಿದ.
ಅಕ್ಕಲಕೋಟ ನಾಕಾದಾಂವ ಶಾಣ್ಯಾ,
ವೈರಿನ ಪಿನ್ನೇ ಕಿತ್ತು ಟೇಪು ಸುತ್ತಿ ಕಳಿಸಿದ.
ಸಪ್ಪಳ ಇಲ್ಲ, ಚಿಂತಿ ಇಲ್ಲ.
ಈಗ ಓಡುವಾಗ ತಂಪು, ನಿಂತರ ಕುಲುಮಿ
ಅಂತ ನನ್ನ ಕಡೆ ಬಂದೀರಿ.

ಬರ್ರಿ, ಇಲ್ಲಿ ಬಗ್ಗಿ ನೋಡ್ರಿ. ಸೆರಗು ಸಂಭಾಳಸ್ರಿ, ಬೆಲ್ಟ್ ಅದ.
ಹಿಂದಿನ ಜಾಳಿಗಿ ರೇಡಿಯೇಟರು, ಇಂಜಿನ್ನಿಂದು.
ಅದರ ಮುಂದ ತೆಳ್ಳನ್ನ ಇನ್ನೊಂದು, ನಿಮ್ಮ ಎಸಿದು.
ಅಣ್ಣತಮ್ಮರು ಪಾಲಾದಂಗ:
ಒಲಿ ಬ್ಯಾರೆ ಬ್ಯಾರೆ, ಹೊಗಿ ಹೋಗೂ ಕಿಂಡಿ ಒಂದ.
ಸೀಟಿನ ಬಿಸಿ, ಗಾಜಿನ್ಯಾಗಿಂದ ಇಳಿದ ಬಿಸಲಿನ ಬಿಸಿ,
ಆ ನಾಕಾದಾಂವನ ಮ್ಯಾಲ ನಿಮಗ ಬಂದ ಸಿಟ್ಟಿಂದೂ ಇರಬಹುದು,
ಎಲ್ಲಾ ಗ್ಯಾಸು ಹೊತ್ತು ತಂದು ಈ ಮುಂದಿನ ಜಾಳಿಗಿಯೊಳಗ ಇಳಸತದ.
ತಂಪು ಯಾರೂ ಮಾಡಾಂಗಿಲ್ಲರಿ ಬಾಯಿ,
ಇಪ್ಪತ್ತೆರಡು ವರ್ಷದಾಗ ನಾ ಎಲ್ಲೂ ನೋಡಿಲ್ಲ.
ಬಿಸಿ ಹೊರಗ ಹಾಕತಾರ.
ಉಳದದ್ದಕ್ಕ ತಂಪು ಅಂತಾರ.

ಓಡುವಾಗ ಗಾಳಿ ತಾನ ಬಂದು ಒಯ್ಯತದ.
ನಿಂತಾಗ?

ನಮ್ಮಪ್ಪ ಇನಾಮದಾರರ ಕಣದಾಗ ಜ್ವಾಳಾ ತೂರತಿದ್ದ.
ಮೆಟ್ಟಿನ ಮ್ಯಾಲ ನಿಂತು ಬುಟ್ಟಿ ಎತ್ತಿದರ, ಗಾಳಿ ಇದ್ದರ,
ಹೊಟ್ಟು ಅತ್ತಾಗ, ಕಾಳು ಕಾಲ ಬುಡಕ.
ಗಾಳಿ ಬಿತ್ತಂದರ ಎಲ್ಲಾ ಕಲಸಿ ಅಲ್ಲೇ ಬೀಳೂದು.
ಆಗ ಇಬ್ಬರು ಕಂಬಳಿ ಹಿಡಕೊಂಡು ಬೀಸಬೇಕು,
ಒಂದು ತುದಿ ಕಾಕಾಂದು, ಒಂದು ತುದಿ ನಂದು,
ರಟ್ಟಿ ಬಿದ್ದು ಹೋಗೂತನಕ.
ಫ್ಯಾನು ಅಂದರ ಆ ಕಂಬಳಿ.
ಇಂಜಿನ್ ಕಾಯಲಿ ಬಿಡಲಿ, ಕೇಳಾಂಗಿಲ್ಲ,
ಎಸಿ ಅಂದ ಕೂಡಲೇ ಎದ್ದು ನಿಲ್ಲತದ.
ರೋಗ ಅಲ್ಲರಿ ಅದು, ದುಡಿಮಿ.

ಹಂಗಾದರ ಆ ಬಿಸಿ ಎಲ್ಲಿ ಹೋಗತದ, ಅಂದ್ರಿ.
ಇಷ್ಟು ಮಂದಿ ಗಾಡಿ ತಂದಾರ,
ಇದನ್ನ ಯಾರೂ ಕೇಳಿದ್ದಿಲ್ಲ.

ನಮ್ಮ ಬೀಬೀಜಾನ ದುಧನಿ ರೇಲ್ವೆ ಗೇಟಿನ್ಯಾಗ ಸೌತಿಕಾಯಿ ಮಾರತಾಳ.
ಮುಂಬೈ ಗಾಡಿ ಬರೂತನಕ ಗೇಟು ಹಾಕಿದರ ಹದಿನೈದು ಕಾರು ಸಾಲು.
ಗಾಜು ಕರ್ರಗ, ಒಳಗ ಯಾರದಾರ ಕಾಣಾಂಗಿಲ್ಲ.
ಆಕಿ ಗಾಜು ನೋಡೂದ ಇಲ್ಲ.
ಮುಂದಿನ ಗಾಲಿ ಹಂತ್ಯಾಕ ಒಂದು ಕಾಲು ಚಾಚತಾಳ.
ಮೀನಖಂಡಕ್ಕ ಬಿಸಿ ಉಸರು ಬಡೀತಂದರ
ಬುಟ್ಟಿ ಹೊತಗೊಂಡು ಮುಂದ:
'ಫ್ಯಾನು ತಿರಗೂ ಗಾಡಿ. ಗಾಜು ಇಳಸಾಂಗಿಲ್ಲ.'
ಟೆಂಪೋದಾವರು, ಜೀಪಿನಾವರು, ಎಸಿ ಕೆಟ್ಟಾವರು,
ಅವರ ಆಕಿ ಗಿರಾಕಿ.
ನಾ ಒಂದೊಂದು ಎಸಿ ರಿಪೇರಿ ಮಾಡಿದಂಗ
ಆಕಿಗಿ ಒಂದೊಂದು ಗಿರಾಕಿ ಕಮ್ಮಿ.
ರಾತ್ರಿ ಇಬ್ಬರೂ ಒಂದ ಡಬ್ಬಿಯೊಳಗ ರೊಕ್ಕಾ ಹಾಕತೀವಿ.

ನೀವು ಏನೂ ಅನ್ನಲಿಲ್ಲ.
ನಾ ಟೇಪು ಬಿಚ್ಚಿ ಪಿನ್ನು ಹಚ್ಚಿದೆ.
ಟಕ್. ಭರ್.
ಪಿನ್ನಿಗೇನ್ ಬಿಲ್ಲರಿ, ಚಹಾದ್ದು ಕೊಡ್ರಿ, ಅಂದೆ.

ಮೊನ್ನಿ ಸಂಜಿಮುಂದ ಬೀಬೀಜಾನ ಹೇಳಿದಳು:
ಎಂ.ಎಚ್. ಹದಿಮೂರು, ಬಿಳಿ ಗಾಡಿ, ಎಡಕಿನ ಲೈಟು ಒಡದದ್ದು.
ಕಾಲಿಗಿ ಬಿಸಿ ಬಡೀತು, ಮುಂದ ಹೊಂಟೆ,
ಹಿಂದಿಂದ ಗಾಜು ಇಳದದ್ದು ಕೇಳಿಸ್ತು.
ನಾಕು ಸೌತಿಕಾಯಿ, ಉಪ್ಪು ಖಾರ ಹಚ್ಚಿಸಿಕೊಂಡು.
ಚಿಲ್ಲರಿ ಎಣಸೂತನಕ ನನಗ
ಮಾರಿಗಿ ತಂಪು, ಕಾಲಿಗಿ ಬಿಸಿ.

ಗಾಜು ಇಳಿಸಿಟ್ಟು ಎಸಿ ಹಚ್ಚಿದರ ಎಣ್ಣಿ ದಂಡ
ಅಂತ ನಿಮಗ ಹೇಳೂದು ಅವತ್ತ ಮರತಿದ್ದೆ ಬಾಯಿ.
ಮುಂದಿನ ಸಲ ಬಂದಾಗ ಹೇಳಬೇಕು.
ನೆನಪಾದರ.