ಅನಿಮಿತಾ

ಕರಾವಳಿಯ ಬೆಟ್ಟ ಹತ್ತಿದ ಮೇಲೆ
ಕಾಲಾಮಾದ ತನಕ ಈ ರಸ್ತೆ
ಯಾರೋ ದಾರ ಹಿಡಿದು ಗೆರೆ ಎಳೆದ ಹಾಗೆ.
ಮರವಿಲ್ಲ, ದನವಿಲ್ಲ, ಅಡ್ಡ ಬರುವ ನಾಯಿಯೂ ಇಲ್ಲ.
ಇಲ್ಲಿ ಸಾಯುವಂಥದ್ದು ಏನಿದೆ, ಕೇಳಿದೆ.
ಓವಿಡಿಯೋ ಹೇಳಿದ: ಅದೇ, ಏನೂ ಇಲ್ಲದ್ದು.

ಅವನ ಲಾರಿಯ ಬೆನ್ನ ಮೇಲೆ ತಾಮ್ರದ ಗಣಿಗೆ ಹೊರಟ ಆಸಿಡ್ಡು.
ದಾರಿಬದಿಗೆ ಮೊಣಕಾಲೆತ್ತರದ ಗುಡಿಗಳು:
ತಗಡಿನ ಸೂರು, ಬಿಸಿಲಿಗೆ ಬಿಳಚಿದ ಪ್ಲಾಸ್ಟಿಕ್ ಹೂವು,
ಸತ್ತವನ ಗಾಡಿಯ ನಂಬರ್ ಪ್ಲೇಟು,
ಬಾಯಾರಿದ ಜೀವಕ್ಕೆಂದು ಒಂದು ಬಾಟಲಿ ನೀರು.
ಅನಿಮಿತಾ ಅನ್ನುತ್ತಾರೆ. ಪುಟ್ಟ ಆತ್ಮ ಎಂದರ್ಥ.
ನನ್ನ ಕನ್ನಡದ ಕಿವಿಗೆ ಮಾತ್ರ
ಅನಿಮಿತ್ತ ಎಂದೇ ಕೇಳಿತು.
ಎಣಿಸುತ್ತ ಬಂದವನು ಮೂವತ್ತೊಂದಕ್ಕೆ ಬಿಟ್ಟೆ.

ಮುಂದಿನದರ ಎದುರು ಅವನು ಲಾರಿ ನಿಲ್ಲಿಸಿದ.
ಅಲ್ಲೊಂದು ಡಬ್ಬಿಯಂಗಡಿ, ಯೆರ್ಕಾಳದು.
ಕಾಫಿ, ಕರಿದ ಎಂಪನಾದ, ಮೂಲೆಯಲ್ಲಿ ಹೊಲಿಗೆ ಯಂತ್ರ.
ಬೆಲೆಪಟ್ಟಿ ಓದುವಷ್ಟು ಸಲೀಸಾಗಿ ಹೇಳುತ್ತಾಳೆ;
ಅಳು ಬಂದರೆ ಹೆಚ್ಚುತ್ತಿರುವ ಈರುಳ್ಳಿಯ ಮೇಲೆ ಹಾಕುತ್ತಾಳೆ:

ತಮ್ಮ. ನಿಬಾಲ್ದೋ. ಇಪ್ಪತ್ತಾರು.
ಪಾಳಿ ಮುಗಿಸಿ ಬರುತ್ತಿದ್ದ.
ಓಡಿಸುತ್ತಿದ್ದಾನೆ ಅಂತ ಗೊತ್ತಿತ್ತು ನನಗೆ.
ಗೊತ್ತಿದ್ದೂ ಬರೆದೆ: ಬರ್ತಾ ಈರುಳ್ಳಿ ತರ್ತೀಯಾ?
ಉತ್ತರ ಬಾರದ್ದಕ್ಕೆ ಇನ್ನೊಂದು ಕಳಿಸಿದೆ,
ಬರೀ ಒಂದು ಪ್ರಶ್ನೆಚಿಹ್ನೆ.

ಪೊಲೀಸರು ಕೊಟ್ಟ ಫೋನಿನಲ್ಲಿ
ಕಳಿಸದೆ ಉಳಿದದ್ದು ಒಂದೇ ಅಕ್ಷರ.
ಅವಳ ಭಾಷೆಯಲ್ಲಿ ಅದು ಬರೀ ಸ.
ನನ್ನದರಲ್ಲಾದರೆ, ಹೂಂ ಎನ್ನಲು ಹೊರಟು
ಸೊನ್ನೆ ಬೀಳುವ ಮೊದಲೇ ನಿಂತ ಹೂ.
ಪಕ್ಕದ ಸಣ್ಣ ಗೆರೆ ಕಣ್ಣು ಮಿಟುಕಿಸುತ್ತಲೇ ಇತ್ತಂತೆ
ಬ್ಯಾಟರಿ ಇರುವ ತನಕ.

ರೆಪ್ಪೆ ಬಡಿಯುವಷ್ಟು ಹೊತ್ತನ್ನೇ
ನಮ್ಮ ಹಳಬರು ನಿಮಿಷ ಎಂದರು.
ದೇವತೆಗಳಿಗೆ ರೆಪ್ಪೆ ಬಡಿಯುವುದಿಲ್ಲವಂತೆ.
ಸ್ಟಿಯರಿಂಗ್ ಹಿಡಿದವನು ಅಷ್ಟೇನೂ ಆಗಬೇಕಿಲ್ಲ,
ತೆರೆದ ಕಣ್ಣು ರಸ್ತೆಯ ಮೇಲೇ ತೆರೆದರೆ ಆಯಿತು.

ಹೊಸ ಹುಡುಗರು ಬಂದರೆ
ಯೆರ್ಕಾ ಅಂಗಡಿಯ ಹಿಂದಕ್ಕೆ ಕರೆದೊಯ್ಯುತ್ತಾಳೆ.
ಸುಣ್ಣ ಬಳಿದ ಒಂದು ಕಲ್ಲು, ದೂರದಲ್ಲಿ ಇನ್ನೊಂದು.
ನಡುವೆ ನೂರ ತೊಂಬತ್ತು ಹೆಜ್ಜೆ.
ನೂರರ ವೇಗದಲ್ಲಿ ಇದು ಐದು ಸೆಕೆಂಡು, ಅನ್ನುತ್ತಾಳೆ,
ಒಂದು ಸಾಲು ಓದುವಷ್ಟು.
ಈಗ ಕಣ್ಣು ಮುಚ್ಚಿ ನಡಿ.
ಸಮತಟ್ಟು ನೆಲ, ಎಡವಲು ಒಂದು ಹರಳೂ ಇಲ್ಲ.
ಆದರೂ ಇಪ್ಪತ್ತು ದಾಟಿದವರಿಲ್ಲ;
ಕೈ ತಾನಾಗಿ ಮುಂದೆ ಚಾಚುತ್ತದೆ, ಕಾಲು ನಿಲ್ಲುತ್ತದೆ.
ಒಬ್ಬ ಅರವತ್ತಕ್ಕೆ ಹೋಗಿದ್ದ, ಕಳ್ಳ,
ರೆಪ್ಪೆಯ ಸಂದಿಯಲ್ಲಿ ನೋಡುತ್ತಿದ್ದ.

ನಾನೂ ನಡೆದೆ. ಹನ್ನೊಂದು.

ಆಮೇಲೆ ಒಂದು ಚೀಲ ಕೊಡುತ್ತಾಳೆ,
ಹಳೆ ಜೀನ್ಸಿನದು, ಲಾಡಿಗೆ ಮೂರು ಗಂಟು.
ಫೋನು ಚೀಲದೊಳಗೆ, ಚೀಲ ಸೀಟಿನ ಹಿಂದೆ.
ಬಿಚ್ಚಲು ಎರಡೂ ಕೈ ಬೇಕು,
ಎರಡೂ ಕೈ ಬೇಕೆಂದರೆ ಗಾಡಿ ನಿಲ್ಲಬೇಕು.
ದುಡ್ಡು ಬೇಡ, ಅನ್ನುತ್ತಾಳೆ.
ಮನೆಯಲ್ಲಿ ಹೇಳು ಅಷ್ಟೆ:
ಓಡಿಸುತ್ತಿರುವವನ ಹತ್ತಿರ ಯಾರೂ ಏನೂ ಕೇಳಬಾರದು.
ಈರುಳ್ಳಿ ಇಲ್ಲದೆಯೂ ಅಡುಗೆ ಆಗುತ್ತದೆ.

ಹೊರಡುವಾಗ ಗುಡಿಯ ಬಾಟಲಿಗೆ ನೀರು ತುಂಬಿದ,
ಎರಡು ಸಲ ಹಾರ್ನ್ ಹೊಡೆದ.
ಹತ್ತು ಮೈಲಿ ಹೋಗಿರಬೇಕು,
ಸೀಟಿನ ಹಿಂದೆ ಚೀಲದಲ್ಲಿ ಏನೋ ಗುಂಯ್‌ಗುಟ್ಟಿತು,
ಬೆಂಕಿಪೊಟ್ಟಣದಲ್ಲಿ ಮಕ್ಕಳು ಹಿಡಿದಿಟ್ಟ ಜೀರುಂಡೆಯಂತೆ.
ನನ್ನ ಕತ್ತು ತಿರುಗಿತು. ಅವನದು ಇಲ್ಲ.

ನಲವತ್ತು ನಿಮಿಷದ ಮೇಲೆ, ಗಣಿಯ ಗೇಟಿನಲ್ಲಿ,
ಎಂಜಿನ್ ಆರಿಸಿ, ಹಲ್ಲು ಕಚ್ಚಿ ಮೂರೂ ಗಂಟು ಬಿಚ್ಚಿ
ಓದಿ, ನಕ್ಕು, ನನಗೂ ತೋರಿಸಿದ.
ಹೆಂಡತಿಯದು.
ಏನಿಲ್ಲ, ಸುಮ್ಮನೆ.