ಉಪದೇಶದ ಹೊತ್ತಿನ ಪೆಪ್ಪರಮಿಂಟು

ಮೊದಲು ಹೇಳಿದ್ದು ಬಾಚಣಿಗೆ.
ಬೈತಲೆ ತೆಗೆದರೆ ನೆತ್ತಿ ಹಸಿ ಹುಣ್ಣಿನ ಹಾಗೆ ನೋಯಿತು.
ಆಮೇಲೆ ದವಡೆ. ಒಂದು ತುಂಡು ಬ್ರೆಡ್ ಅಗಿಯುವುದರೊಳಗೆ ಸುಸ್ತು.
ಅರವತ್ಮೂರಕ್ಕೆ ಇದೂ ಒಂದು ಎಂದು ನಕ್ಕುಬಿಟ್ಟೆ.
ಒಂದು ಗುರುವಾರ, ನೆಸ್ ಕಡೆಯ ದಾರಿಯಲ್ಲಿ,
ಟಪಾಲು ವ್ಯಾನಿನೊಳಗೆ
ಬಲಗಣ್ಣಿಗೆ ಮಾತ್ರ ಒಂದು ಪರದೆ ಇಳಿಯಿತು.
ವೈಪರ್ ಹಾಕಿದೆ.
ಮಳೆಯೇ ಇರಲಿಲ್ಲ.

ಸ್ಟೋರ್ನೊವೇ ಆಸ್ಪತ್ರೆಯಲ್ಲಿ ಕೂರಲೂ ಬಿಡಲಿಲ್ಲ,
ಕಾಗದದ ಲೋಟದಲ್ಲಿ ಹನ್ನೆರಡು ಪುಟ್ಟ ಮಾತ್ರೆ:
"ಈಗಲೇ ನುಂಗು ಮರ್ಡೀನಾ,
ಕಾಯಿಲೆಯ ಹೆಸರು ನಿಧಾನಕ್ಕೆ ಹೇಳುತ್ತೇನೆ."
ಮೂರನೇ ದಿನ ಪರದೆ ಸರಿಯಿತು.
ನರ್ಸಿನ ಎದೆಯ ಬಿಲ್ಲೆ ಓದಿದೆ,
ಅದರ ಮೂಲೆಯಲ್ಲಿ ಒಣಗಿದ ಚಹಾದ ಹನಿಯನ್ನೂ.

ಕಣ್ಣು ಕೊಟ್ಟ ಸ್ಟೀರಾಯ್ಡು
ಕೊಟ್ಟ ಮೇಲೆ ಹೊರಡಲಿಲ್ಲ,
ಉಪಕಾರ ಮಾಡಿದ ನೆಂಟನ ಹಾಗೆ ಮನೆಯಲ್ಲೇ ಉಳಿಯಿತು.
ರಾತ್ರಿ ಮೂರಕ್ಕೆ ಎಬ್ಬಿಸಿ ಕಪಾಟು ತೊಳೆಸಿತು,
ಮುಖಕ್ಕೆ ಹುಣ್ಣಿಮೆ ಮೆತ್ತಿತು,
ತಟ್ಟೆ ಬರಿದಾದರೂ ಏಳಲು ಬಿಡಲಿಲ್ಲ.
ಆರನೇ ವಾರ ಬಾಯಾರಿಕೆ.
ಕೆಟಲ್ ಆರುವ ಮೊದಲೇ ಮತ್ತೆ ಕೆಟಲ್.

ಈ ಊರಿನಲ್ಲಿ ಐವರು ಡೊನಾಲ್ಡ್ ಮೆಕ್ಲಿಯಡ್.
ಯಾರಿಗೆ ವಿದ್ಯುತ್ ಬಿಲ್ಲು, ಯಾರಿಗೆ ಮಗಳ ಕಾಗದ,
ಲಕೋಟೆ ಮುಟ್ಟಿದರೇ ಗೊತ್ತು ನನಗೆ.
ಆ ಮಂಗಳವಾರ ನನ್ನ ಚೀಲದಲ್ಲೇ ನನ್ನ ಹೆಸರು,
ಮೂಲೆಯಲ್ಲಿ ಸಕ್ಕರೆ ಕಾಯಿಲೆ ವಿಭಾಗದ ಮುದ್ರೆ.
ಸರದಿ ತಪ್ಪಿಸಲಿಲ್ಲ.
ನಲವತ್ತೊಂದು ಮನೆ ಮುಗಿಸಿ, ಕೊನೆಗೆ
ನನ್ನ ಬಾಗಿಲಿನ ಸೀಳಿನಲ್ಲಿ ಅದನ್ನು ತೂರಿದೆ,
ಬೀಗ ತೆಗೆದು ಒಳಹೋಗಿ
ಚಾಪೆಯ ಮೇಲಿಂದ ಎತ್ತಿಕೊಂಡೆ.

ಉರಿದದ್ದು ಕಪೋಲದ ನರ, ಬರೆ ಬಿದ್ದದ್ದು ರಕ್ತಕ್ಕೆ.
ಎತ್ತಿನ ಜ್ವರ, ಎಮ್ಮೆಯ ಬೆನ್ನು.
"ಹಾಗಾದರೆ ಮಾತ್ರೆ ಬಿಡುತ್ತೇನೆ" ಎಂದೆ.
ನರ್ಸ್ ಶೋನಾ ನೀಲಿ ಕಾರ್ಡು ಮುಂದಿಟ್ಟಳು:
ಥಟ್ಟನೆ ನಿಲ್ಲಿಸಬಾರದು ಎಂದು ಅಚ್ಚಾಗಿತ್ತು.
"ಕಣ್ಣು ಬೇಕಲ್ಲ?"
ಬೇಕು.
ಬೆರಳು ಚಾಚಿದೆ.

ಈಗ ಬೆಳಿಗ್ಗೆ ಆರು, ಸಂಜೆ ಹದಿನೇಳು, ಇಲ್ಲಿನ ಲೆಕ್ಕದಲ್ಲಿ.
ಬೆಳಗಿನ ರಕ್ತ ಸಂಭಾವಿತ,
ಮಧ್ಯಾಹ್ನ ದಾಟಿದರೆ ಕುಡುಕ.
ಗಂಡ ಕೆನೆತ್ ಬಿಸ್ಕತ್ತಿನ ಡಬ್ಬಿಯನ್ನು ದೋಣಿಮನೆಯಲ್ಲಿ ಬಚ್ಚಿಟ್ಟಿದ್ದಾನೆ,
ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ.
ಅವನ ಸ್ವೆಟರಿನ ಮೇಲಿನ ಪುಡಿ ಕಾಣುವಷ್ಟು
ಚೆನ್ನಾಗಿವೆ ಈಗ ನನ್ನ ಕಣ್ಣು.

ಬಿಸ್ಕತ್ತು ಬಿಟ್ಟೆ. ಆಲೂಗಡ್ಡೆ ಎಣಿಸಿ ಬೇಯಿಸಿದೆ.
ಬಿಡಲಾರದ್ದು ಒಂದೇ:
ಭಾನುವಾರ, ಪಾದ್ರಿ ಎರಡನೇ ಅಂಶಕ್ಕೆ ಬರುವಾಗ
ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಸದ್ದಿಲ್ಲದೆ ಬರುವ
ಬಿಳಿ ಪೆಪ್ಪರಮಿಂಟು.
ಅಜ್ಜಿಯ ತೊಡೆಯಿಂದ ಶುರುವಾದದ್ದು ಅದು.
ಬೇಡ ಎಂದರೆ ಡೊಲೀನಾ ತಿರುಗಿ ನೋಡುತ್ತಾಳೆ,
ಅವಳು ನೋಡಿದರೆ ಬೆಂಚು ನೋಡುತ್ತದೆ,
ಸೋಮವಾರ ಐವರು ಡೊನಾಲ್ಡರೂ ಕೇಳುತ್ತಾರೆ.
ತೆಗೆದುಕೊಂಡೆ. ಮುಷ್ಟಿಯಲ್ಲಿ ಹಿಡಿದೆ.
ಕೊನೆಯ ಕೀರ್ತನೆಯ ಹೊತ್ತಿಗೆ ಅಂಗೈ ಅಂಟಂಟು, ಸುಣ್ಣ.
ನಾಲ್ಕು ವಾರ, ಕೋಟಿನ ಜೇಬಿನಲ್ಲಿ ನಾಲ್ಕು.

ಹನ್ನೆರಡು ಮಾತ್ರೆ ಎಂಟಾಯಿತು, ಐದಾಯಿತು.
ಸಕ್ಕರೆಯ ಗುಳಿಗೆಗೆ ಅದು ಗೊತ್ತಾಗಲಿಲ್ಲ,
ಹಳೆಯ ಶತ್ರುವನ್ನು ಹುಡುಕುತ್ತ ಹೊಡೆಯುತ್ತಲೇ ಇತ್ತು.
ಕಡಲ ಬದಿಯ ತಿರುವಿನಲ್ಲಿ ಕೈ ನಡುಗಿತು,
ಬೆವರು, ತುಟಿ ಮರಗಟ್ಟಿತು,
ರಸ್ತೆಯ ಕುರಿ ಎರಡಾಯಿತು.
ವ್ಯಾನು ನಿಲ್ಲಿಸಿ ಜೇಬು ತಡಕಿದೆ.
ನೂಲು ಮೆತ್ತಿದ ಪೆಪ್ಪರಮಿಂಟು,
ಒಂದಲ್ಲ, ನಾಲ್ಕನ್ನೂ
ಹಲ್ಲಿನಡಿ ಕಟಕಟ ಕಡಿದೆ, ಚರ್ಚಿನಲ್ಲಿ ಎಂದೂ ಕಡಿಯದ ಹಾಗೆ.
ದವಡೆ ನೋಯಲಿಲ್ಲ ಎಂಬುದು
ಆಮೇಲೆ ನೆನಪಾಯಿತು.

ಶೋನಾ ಬೈದಳು. ಗಟ್ಟಿ ಮಿಠಾಯಿ ತಡ, ಹಣ್ಣಿನ ರಸ ಇಟ್ಟುಕೋ,
ಬೆರಳು ಚುಚ್ಚದೆ ಕೀಲಿ ತಿರುಗಿಸಬೇಡ.
ಗುಳಿಗೆ ಅರ್ಧ ಮಾಡಿದಳು.
ಆಯಿತು ಎಂದೆ. ರಸದ ಡಬ್ಬಿ ವ್ಯಾನಿನಲ್ಲಿದೆ.

ಮೊನ್ನೆ ಭಾನುವಾರ ಡೊಲೀನಾ ಕೈ ಚಾಚಿದಳು,
ನನ್ನ ಮುಷ್ಟಿ ನೋಡದೆ, ಪಿಸುದನಿಯಲ್ಲಿ:
"ಜೇಬಿಗೆ ಎರಡು ತಗೋ."