ಇನ್ನೂರ ಐವತ್ತಾರು ಮನೆ

ಕಿಡರ್‌ಮಿನ್‌ಸ್ಟರ್, ತೊಂಬತ್ತಮೂರರ ಫೆಬ್ರವರಿ.
ಕಾರ್ಪೆಟ್ ಗಿರಣಿಯ ಅಟ್ಟದಲ್ಲಿ ನಾನು, ಒಂದು ಹೀಟರು,
ಕಂಪನಿ ಸಾಲ ಮಾಡಿ ತಂದ ವರ್ಕ್‌ಸ್ಟೇಷನ್ನು.

ಪರದೆಗೆ ಇರುವುದೇ ಇನ್ನೂರ ಐವತ್ತಾರು ಮನೆ,
ಮನೆಗೊಂದು ಬಣ್ಣ.
ಚೌಕಾಬಾರದ ಕಾಯಿಗಳ ಹಾಗೆ
ಮೊದಲು ಕೂತವರದ್ದೇ ಜಾಗ.
ಗಡಿಯಾರ ನಾಲ್ಕು ಹಿಡಿದಿತ್ತು,
ಅಂಚೆಪೆಟ್ಟಿಗೆಯ ಚಿತ್ರ ಆರು,
ಕಿಟಕಿಗಳಿಗೆ ಚೌಕಟ್ಟು ಹಾಕುವ ಯಜಮಾನ ಹದಿನಾರು.
ಟ್ರೆವರ್ ಹಾಲೋಸ್ ಪರದೆಯ ಹಿಂದೆ ತನ್ನ ನಾಯಿಯ ಫೋಟೋ ಹಾಸಿ
ನೂರಾ ಇಪ್ಪತ್ತು ಬೂದುಗಳನ್ನು ನುಂಗಿದ್ದ.

ನನಗೆ ಬೇಕಿದ್ದದ್ದು ನೂರಾ ಎಂಬತ್ತು:
ಒಂಬತ್ತು ನೂಲು, ನೂಲಿಗೆ ಇಪ್ಪತ್ತು ನೆರಳು.
ಕೇಳಿದೆ. ಸರ್ವರು ಸೊನ್ನೆ ಕೊಟ್ಟಿತು.
ಸೊನ್ನೆ ಎಂದರೆ, ಮುಂದೆ ಹೋಗಮ್ಮ.

‘ಹತ್ತಿರದ ಬಣ್ಣ ಸಾಕಲ್ಲ?’ ಅಂದ ಟ್ರೆವರ್.
ವರ್ಗ ಕೂಡಿಸಿ, ದೂರ ಅಳೆದು
ಇದ್ದುದರಲ್ಲೇ ಹತ್ತಿರದ್ದನ್ನು ಹುಡುಕಿಕೊಟ್ಟೆ.
ಬಣ್ಣದ ಮನೆಯಿಂದ ಮೇವಿಸ್ ಪಾರ್ಡೋ ಮೆಟ್ಟಿಲೇರಿ ಬಂದಳು,
ಮೂವತ್ತೆಂಟು ವರ್ಷ ಕಡಾಯಿ ಕಾಯಿಸಿದವಳು,
ಉಗುರ ಸಂದಿನಲ್ಲಿ ನಿನ್ನೆಯ ಹಸಿರು.
ನೂಲಿನ ಲಡಿಯನ್ನು ಗಾಜಿಗೆ ಆನಿಸಿ ಹಿಡಿದು
‘ಇದು ನಮ್ಮ ಕೆಂಪಲ್ಲ,
ಪಕ್ಕದ ಮನೆಯ ಕೆಂಪು.’

ಹಾಗಾದರೆ ಬೇರೆ ಒಲೆ ಎಂದುಕೊಂಡು
ನನ್ನ ಕಿಟಕಿಗೇ ಸ್ವಂತ ಬಣ್ಣದ ಪಟ್ಟಿ ಕಟ್ಟಿದೆ.
ಇಲಿ ಒಳಗೆ ಕಾಲಿಟ್ಟದ್ದೇ ತಡ,
ಕಾರ್ಪೆಟ್ಟು ಅದೇ ಕೆಂಪು, ಅದೇ ಮೆಂತ್ಯ, ಅದೇ ಬದನೆಕಾಯಿ.
ಹೊರಗಿನ ಲೋಕದ ಬಣ್ಣ ಬಯಲು:
ಗಡಿಯಾರಕ್ಕೆ ಕಾಮಾಲೆ,
ನಾಯಿಗೆ ಕಿತ್ತಳೆ ಮೂಗು, ಗಿಣಿಹಸಿರು ಕಿವಿ.
ಇಲಿ ಆಚೆ ಬಂದರೆ ನಾಯಿ ನಾಯಿಯಾಗುತ್ತದೆ,
ಕಾರ್ಪೆಟ್ಟು ಬೂಸ್ಟು ಹಿಡಿಯುತ್ತದೆ.

ಮೇವಿಸ್ ನಕ್ಕೇ ನಕ್ಕಳು.
‘ನಾನು ಹುಡುಗಿಯಾಗಿದ್ದಾಗ ಸ್ಟೂರ್ ನದಿ ಹೀಗೇ ಇತ್ತು,
ಯಾವ ಗಿರಣಿ ನೀರು ಬಿಟ್ಟರೆ ಆವತ್ತು ಅವರ ಬಣ್ಣ.
ಬಾತುಗಳು ಮಂಗಳವಾರ ನೀಲಿ.’

ಉಳಿದ ಎಪ್ಪತ್ತಾರು ಮನೆಗಳಿಗೆ
ನೆರೆಯವರ ಬಣ್ಣವನ್ನೇ ನಕಲಿಸಿದೆ.
ಗಡಿಯಾರ, ಅಂಚೆ, ಚೌಕಟ್ಟು ಬದುಕಿದವು.
ನಾಯಿಗೆ ಸಿಕ್ಕಿದ್ದು ಐವತ್ತೇ;
ಕಪ್ಪು ಕಡೆ ಉಳಿಯಿತು,
ಬಿಸಿಲು ಬಿದ್ದ ಕಡೆಯೆಲ್ಲ ನೇರಳೆ.
ಟ್ರೆವರ್ ಎರಡು ದಿನ ಮಾತಾಡಲಿಲ್ಲ.

ಜೂನ್‌ನಲ್ಲಿ ಮೇವಿಸ್‌ಳ ಬಲಗಣ್ಣಿನ ಪೊರೆ ತೆಗೆದರು.
ಬಂದವಳು ಲಡಿ ಹಿಡಿದು
ಎಡ ಮುಚ್ಚಿದಳು, ಬಲ ಮುಚ್ಚಿದಳು,
ಮತ್ತೆ ಎಡ.
‘ಎರಡು ಕೆಂಪು ಇವೆ,’ ಅಂದಳು.
ಸ್ವಲ್ಪ ಹೊತ್ತಾದ ಮೇಲೆ,
‘ಹತ್ತು ವರ್ಷದಿಂದ ನಾನು ಒಪ್ಪಿದ್ದು ಯಾವುದನ್ನ?’

ಹೋಟೆಲುಗಳ ಓಣಿ, ಸಿನಿಮಾ ಮಂದಿರದ ಮೆಟ್ಟಿಲು,
ಅದರ ಮೇಲೆ ನಡೆದ ಬೂಟುಗಳು.
ಆ ಪ್ರಶ್ನೆಗೆ ನನ್ನ ಕೈಪಿಡಿಯಲ್ಲಿ ಕರೆ ಇರಲಿಲ್ಲ.

ಅವಳೇ ಕುರ್ಚಿ ಎಳೆದುಕೊಂಡಳು.
ಎಡಗಣ್ಣಿಂದ ನೂಲು ನೋಡುವುದು, ಬಲಗಣ್ಣಿಂದ ಪರದೆ.
‘ನೀಲಿ ಇಳಿಸು. ಇನ್ನೂ. ಚಹಾದ ಕಲೆಯ ಹಾಗೆ. ಹ್ಞಾಂ, ಸಾಕು.’
ಮನೆಯೊಳಗಿನ ಅಂಕಿ ಬದಲಿಸಿದರೆ ಸಾಕಿತ್ತು;
ಒಂದು ಗಂಟೂ ಮತ್ತೆ ಬಿಡಿಸದೆ
ಇಡೀ ಕಾರ್ಪೆಟ್ಟು ನಿಂತಲ್ಲೇ ಮಾಗಿತು.
ಎರಡು ಫೈಲು ಉಳಿಸಿದೆ: ಪಾರ್ಡೋ ಎಡ, ಪಾರ್ಡೋ ಬಲ.
ಗಿರಣಿ ನೇಯ್ದದ್ದು ಬಲದ್ದನ್ನು.

ಸೆಪ್ಟೆಂಬರಿನಲ್ಲಿ ಎಡಗಣ್ಣೂ ಆಯಿತು.
ನಿವೃತ್ತಿಯ ಕೇಕು ಕತ್ತರಿಸಿ, ತಟ್ಟೆ ಹಿಡಿದೇ ಹತ್ತಿ ಬಂದು
‘ಆ ಎಡದ್ದು ಇದೆಯಾ?’ ಅಂದಳು.
ತೆರೆದೆ.
ಕೇಕು ತಿನ್ನುತ್ತ ನೋಡಿದಳು, ಕೊನೆಯ ಚೂರಿನವರೆಗೂ.
‘ಬೆಚ್ಚಗಿತ್ತು, ಅಲ್ವಾ.’
ಬೆರಳಿನ ಸಕ್ಕರೆ ಏಪ್ರನ್ನಿಗೆ ಒರೆಸಿಕೊಂಡು
ತಾನೇ ಇಲಿಯನ್ನು ಆಚೆಗೆ ಸರಿಸಿದಳು.

ಟ್ರೆವರನ ನಾಯಿಯ ಮೈಮೇಲೆ ಬಿಸಿಲು ಬಂತು.